ಮೊದಲ ಹೆಣ್ಣುಮರಿ

ಸಿಸ್ಟರ್ ಆ ದೇಶಕ್ಕೆ ಬಂದಿಳಿದಾಗ ಮೇಕೆಯ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಯಾವ ಕಡೆ ಕೊಂಬು, ಯಾವ ಕಡೆ ಬಾಲ ಎಂಬುದಷ್ಟೇ. ಸ್ವಂತ ದೇಶದಲ್ಲಿ ಅವರು ಕಾನ್ವೆಂಟಿನ ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟುಕೊಂಡು ನೆಮ್ಮದಿಯಾಗಿದ್ದವರು. ಹಳ್ಳಿಗಾಡಿನ ಬಡವರ ಸೇವೆಗೆ ಒಬ್ಬರು ಬೇಕು, ಸಮುದ್ರ ದಾಟಬೇಕು ಎಂದು ಹಿರಿಯರು ಕೇಳಿದ ದಿನ ಉಳಿದವರೆಲ್ಲ ನೆಲ ನೋಡುತ್ತಿದ್ದರು, ಇವರು ಕೈ ಎತ್ತಿಬಿಟ್ಟರು. ನಾಲ್ಕು ವರ್ಷವಾಯಿತು. ಈಗ ಜಂತುಹುಳದ ಔಷಧಿ ಕುಡಿಸುವುದರಲ್ಲಿ, ಗೊರಸು ಕತ್ತರಿಸುವುದರಲ್ಲಿ, ಬಾತ ಕೆಚ್ಚಲಿಗೆ ಶಾಖ ಕೊಡುವುದರಲ್ಲಿ ಸಿಸ್ಟರ್ ಎತ್ತಿದ ಕೈ. ಊರವರು ಎದುರಿಗೆ "ಸಿಸ್ಟರ್" ಎನ್ನುತ್ತಿದ್ದರು, ಬೆನ್ನ ಹಿಂದೆ "ಮೇಕೆ ಸಿಸ್ಟರ್" ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಗ್ಗೂ ಇತ್ತು.

ಸಿಸ್ಟರ್ ಸೇರಿದ್ದ ಸಂಸ್ಥೆ ಬಡವರಿಗೆ ಕೊಡುತ್ತಿದ್ದ ಮೇಕೆ ಪುಕ್ಕಟೆ, ಆದರೆ ಅದಕ್ಕೆರಡು ಕಟ್ಟುಪಾಡು. ಮೇಕೆ ಬೇಕೆಂದವರು ಮೊದಲು ಕೊಟ್ಟಿಗೆ ಕಟ್ಟಿ ತೋರಿಸಬೇಕು. ಮೇಕೆ ಪಡೆದವರು ಅದು ಹಾಕುವ ಮೊದಲ ಹೆಣ್ಣುಮರಿಯನ್ನು ಸಾಲಿನಲ್ಲಿರುವ ಮುಂದಿನ ಮನೆಗೆ ದಾಟಿಸಬೇಕು. ಗಂಡು ಹುಟ್ಟಿದರೆ ಅದು ಮನೆಯವರಿಗೇ. ದೂರದೇಶದ ಯಾವುದೋ ಚರ್ಚಿನವರು ಒಂದು ಸಲ ಕೊಟ್ಟ ಮೇಕೆ ಹೀಗೆ ಮನೆಯಿಂದ ಮನೆಗೆ ಹೋಗುತ್ತಾ ಹೋಗುತ್ತಾ ಇಡೀ ಸೀಮೆಯ ಹೊಟ್ಟೆ ತುಂಬಿಸುತ್ತದೆ ಎಂಬುದು ಲೆಕ್ಕಾಚಾರ. ಕೆಟ್ಟ ಲೆಕ್ಕಾಚಾರವೇನಲ್ಲ. ಎಷ್ಟೋ ಮನೆಗಳಲ್ಲಿ ಅದು ನಡೆದೂ ಇತ್ತು.

ಮೂರನೆಯ ಕಟ್ಟುಪಾಡೊಂದನ್ನು ಸೇರಿಸಿದವರು ಸ್ವತಃ ಸಿಸ್ಟರ್. ಮರಿಗಾಗಿ ಕಾಯುವ ಮನೆಯವರು ದಿನಾ ಸಂಜೆ ಊಟಕ್ಕೆ ಮುಂಚೆ ಕೊಡುವ ಮನೆಯವರಿಗಾಗಿ, ಅವರ ಮೇಕೆಗಾಗಿ ಪ್ರಾರ್ಥನೆ ಮಾಡಬೇಕು. ಕಾಯುವವರಿಗೆ ಹೊಟ್ಟೆಕಿಚ್ಚು ಬರುವುದು ಸಹಜ, ಪ್ರಾರ್ಥನೆ ಮಾಡುವ ಬಾಯಲ್ಲಿ ಶಾಪ ಬರುವುದಿಲ್ಲ ಎಂದು ಅವರು ಯೋಚಿಸಿದ್ದರು. ಪಟ್ಟಣದಲ್ಲಿದ್ದು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಫಾದರ್ ಇದನ್ನು ಕೇಳಿ ತಲೆದೂಗಿದರು. ದಾನ ಕೊಟ್ಟ ದೇಶದಲ್ಲೂ ಇದನ್ನು ಹೇಳಿ ಹೇಳಿ ಕಣ್ಣೀರು ಹಾಕಿಸಿದರು. ಪ್ರಾರ್ಥನೆ ಫಲಿಸದೆ ಹೋದರೆ ಕೇಳಿದವರ ಗತಿಯೇನು ಎಂಬ ಪ್ರಶ್ನೆ ಅಷ್ಟೊಂದು ದೈವಭಕ್ತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಿಸ್ಟರಿಗಂತೂ ಹೊಳೆಯಲೇ ಇಲ್ಲ.

ಆ ವರ್ಷ ಮೇಕೆ ಸಿಕ್ಕವರಲ್ಲಿ ಗುಡ್ಡದ ಮೇಲಿನ ಊರಿನ ಚಾಪೆ ಹೆಣೆಯುವ ಹೆಂಗಸೂ ಒಬ್ಬಳು. ಅವಳ ಗಂಡ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಮಲಗಿದ್ದಲ್ಲೇ ಮಲಗಿದ್ದ. ಅವಳ ಮೇಕೆಯ ಮರಿಗಾಗಿ ಕಾಯುತ್ತಿದ್ದವಳು ಹೊಳೆಯಾಚೆ, ಅರ್ಧ ದಿನದ ದಾರಿಯ ಕೆಳಗಿನೂರಿನ ಇಟ್ಟಿಗೆ ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಹೆಂಗಸು. ಇವಳ ಗಂಡ ಕೆಲಸ ಹುಡುಕಲು ಹೋದವನು ಇನ್ನೂ ಹುಡುಕುತ್ತಲೇ ಇದ್ದ. ಮನೆಯಲ್ಲಿ ಎದೆಹಾಲು ಬಿಡದ ಕೂಸೊಂದು, ಅದಕ್ಕಿಂತ ದೊಡ್ಡವಳಾದ ಒಬ್ಬ ಮಗಳು. ಮಗಳಿಗೆ ಅಮ್ಮ ಇಟ್ಟ ಹೆಸರು ಏನೇ ಇರಲಿ, ಕರೆಯುತ್ತಿದ್ದದ್ದು ಮಾತ್ರ ಬಾಯಿಬಡಕಿ ಎಂದು.

ಹೆಸರಿಗೆ ತಕ್ಕ ಹುಡುಗಿ. ಸಿಸ್ಟರ್ ಬರುವುದು ದೂರದಿಂದ ಕಂಡರೆ ಸಾಕು, ಓಡಿಬಂದು ಕೈಚೀಲ ಕಿತ್ತುಕೊಂಡು ವರದಿ ಕೇಳುತ್ತಿದ್ದಳು. ಮೇಕೆ ಏನು ತಿಂತು? ಹೊಟ್ಟೆ ಎಷ್ಟು ದಪ್ಪ ಆಗಿದೆ? ರಾತ್ರಿ ಕೂಗುತ್ತಾ? ಹುಡುಗಿ ಆ ಮೇಕೆಯನ್ನು ಕಣ್ಣಲ್ಲಿ ಕಂಡವಳಲ್ಲ. ಸಿಸ್ಟರ್ ಹೇಳಿದ್ದೇ ಅವಳಿಗೆ ಸುದ್ದಿ, ಸಿಸ್ಟರ್ ಹೇಳಿದ್ದೇ ಸತ್ಯ. ಭಟ್ಟಿಯವರು ಎಸೆದ ಒಡಕು ಇಟ್ಟಿಗೆಯನ್ನು ಅಮ್ಮ ಮಗಳು ಹೊತ್ತು ತಂದು ಕಟ್ಟಿದ ಕೊಟ್ಟಿಗೆ ಅವರ ಮನೆಗಿಂತ ಚೆನ್ನಾಗಿತ್ತು.

"ನಮ್ಮನೆಗೆ ಮಣ್ಣಿನ ಗೋಡೆ, ಮೇಕೆ ಮನೆಗೆ ಇಟ್ಟಿಗೆ ಗೋಡೆ!" ಎಂದು ಹುಡುಗಿ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಳು.

ಒಂದು ಸಂಜೆ ಸಿಸ್ಟರ್ ಅವರ ಮನೆಯಲ್ಲೇ ಪ್ರಾರ್ಥನೆಗೆ ಕೂತರು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ಶುರುಮಾಡಿದಳು. "ದೇವರೇ, ಚಾಪೆ ಅತ್ತೆಯ ಮೇಕೆ ಚೆನ್ನಾಗಿರ್ಲಿ. ಅದಕ್ಕೆ ಭೇದಿ ಆಗ್ದೆ ಇರ್ಲಿ. ನಾಯಿ ಕಚ್ಚದೆ ಇರ್ಲಿ. ಚಾಪೆ ಮಾವ ಎದ್ದು ಓಡಾಡ್ಲಿ. ಮೇಕೆ ಹೆಣ್ಣುಮರಿ ಹಾಕ್ಲಿ. ಎರಡು ಹಾಕಿದ್ರೆ ಇನ್ನೂ ಒಳ್ಳೇದು, ನಿಂಗೆ ಕಷ್ಟ ಆಗೋದಾದ್ರೆ ಒಂದೇ ಸಾಕು. ಆಮೇಲೆ..."

"ಸಾಕು ಮುಗ್ಸೇ," ಎಂದಳು ಅಮ್ಮ. "ದೇವರಿಗೂ ಬೇರೆ ಕೆಲ್ಸ ಇರುತ್ತೆ."

ಸಿಸ್ಟರ್ ನಕ್ಕರು. ಹೊರಡುವಾಗ ಆ ತಾಯಿ ಬಾಗಿಲವರೆಗೂ ಬಂದು ದನಿ ತಗ್ಗಿಸಿದಳು. "ಭಟ್ಟಿ ಮೇಸ್ತ್ರಿ ಇವಳ ಮೇಲೆ ಕಣ್ಣು ಹಾಕ್ಬಿಟ್ಟಿದಾನೆ, ಸಿಸ್ಟರ್. ಹುಡುಗಿ ಗಟ್ಟಿ ಇದಾಳೆ, ಕಳ್ಸು ಕೆಲಸಕ್ಕೆ ಅಂತ ದಿನಾ ಪೀಡಿಸ್ತಾನೆ. ಮೇಕೆ ಬರುತ್ತೆ, ಮೇಯ್ಸೋಕೆ ಒಬ್ರು ಬೇಕು, ಮರಿ ಹಾಕಿದ್ರೆ ನಾಕು ಕಾಸೂ ಬರುತ್ತೆ, ಇವಳನ್ನ ಕಳ್ಸಲ್ಲ ಅಂತ ಹೇಳ್ಬಿಟ್ಟಿದೀನಿ. ಆ ಧೈರ್ಯದ ಮೇಲೇ ಇದೀನಿ. ಬೆಳಗ್ಗೆ ಹೊತ್ತು ನೀವು ನಡೆಸೋ ಶಾಲೆಗೂ ಬರ್ತಾಳೆ."

"ಬಂದೇ ಬರುತ್ತೆ, ಅಮ್ಮಾ," ಎಂದರು ಸಿಸ್ಟರ್.

ಮೇಲಿನೂರಿನಿಂದ ಕರೆ ಬಂದದ್ದು ಒಂದು ಮಧ್ಯಾಹ್ನ. ಸಿಸ್ಟರ್ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಹೋದಾಗ ಮೇಕೆ ಕಾಲು ಚಾಚಿ ಮಲಗಿತ್ತು, ಕೂಗುವ ಶಕ್ತಿಯೂ ಉಳಿದಿರಲಿಲ್ಲ. ಮರಿಯ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡು ತಲೆ ಸಿಕ್ಕಿಹಾಕಿಕೊಂಡಿತ್ತು. ಸಿಸ್ಟರ್ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು, ಕೈ ಒಳಗಿಟ್ಟು, ಕಾಲನ್ನು ಹುಡುಕಿ ಸರಿಮಾಡಿ, ಹಲ್ಲು ಕಚ್ಚಿಕೊಂಡು ಎಳೆದರು. ಮರಿ ಬಂತು, ಅದರ ಹಿಂದೆಯೇ ರಕ್ತವೂ ಬಂತು, ನಿಲ್ಲಲಿಲ್ಲ. ಚಾಪೆಯವಳು ಮೇಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಿವಿ ಸವರುತ್ತಿದ್ದಳು. ಸವರುತ್ತಿದ್ದ ಹಾಗೆಯೇ ಅದು ಹೋಯಿತು.

ಮರಿ ಮಾತ್ರ ಗಟ್ಟಿಪಿಂಡ. ಮೂಗು ಒರೆಸಿದ ಕೂಡಲೇ ಸೀನಿ, ಒದ್ದಾಡಿ, ಎದ್ದು ನಿಲ್ಲಲು ನೋಡಿತು. ಸತ್ತ ಮೇಕೆಯ ಕೆಚ್ಚಲಿನಿಂದ ಗಿಣ್ಣುಹಾಲು ಹಿಂಡಿ ಸಿಸ್ಟರ್ ಬಟ್ಟೆಯ ತುದಿಯಿಂದ ಕುಡಿಸಿದರು. ಚಾಪೆಯವಳು ಬಗ್ಗಿ ಮರಿಯ ಬಾಲ ಎತ್ತಿ ನೋಡಿದಳು.

"ಹೆಣ್ಣು," ಎಂದಳು. ಒಳಗೆ ಮಲಗಿದ್ದ ಗಂಡ ಏನೆಂದು ಕೇಳಿದ. "ಹೆಣ್ಣು ಕಣ್ರೀ," ಎಂದು ಅವಳು ಅಲ್ಲಿಂದಲೇ ಕೂಗಿದಳು. ಆಮೇಲೆ ಸಿಸ್ಟರ್ ಕಡೆ ತಿರುಗಿ, ಜಗಳವಿಲ್ಲ, ಗೋಳಿಲ್ಲ, ಎರವಲು ತಂದ ಪಾತ್ರೆ ಹಿಂದಿರುಗಿಸುವವಳ ಹಾಗೆ ಕೇಳಿದಳು: "ಯಾವಾಗ ತಗೊಂಡ್ಹೋಗ್ತೀರಿ, ಸಿಸ್ಟರ್? ಈಗ್ಲೇನಾ, ಮೇವು ಕಚ್ಚೋ ತನಕ ನಾವೇ ನೋಡ್ಕೋಬೇಕಾ?"

ಆ ಪ್ರಶ್ನೆ ಸಿಸ್ಟರ್ ಎದೆಗೆ ನಾಟಿತು. ಅವಳು ಅತ್ತಿದ್ದರೆ, ಕೈಮುಗಿದಿದ್ದರೆ, ನಿಯಮ ಅಂದರೆ ನಿಯಮ ಎಂದು ಎದ್ದು ಬರಬಹುದಿತ್ತೋ ಏನೋ. ಅವರು ಫೋನ್ ಸಿಗ್ನಲ್ ಸಿಗುವ ಬಂಡೆಯ ಮೇಲೆ ಹತ್ತಿ ನಿಂತು ಫಾದರ್‌ಗೆ ಫೋನ್ ಮಾಡಿದರು. ಮೇಕೆ ಸತ್ತಿದ್ದನ್ನು ಹೇಳಿದರು. ಹುಟ್ಟಿದ್ದು ಏನು ಎಂಬುದನ್ನು ಹೇಳಲಿಲ್ಲ. ತಾಯಿಮೇಕೆ ಸತ್ತ ಮನೆಯವರಿಗೆ ಮರಿಯನ್ನು ಬಿಟ್ಟುಕೊಡಬಹುದೇ ಎಂದು ಸುಮ್ಮನೆ ಕೇಳುವವರಂತೆ ಕೇಳಿದರು.

ಫಾದರ್ ಕಟುಕರೇನಲ್ಲ. ಆದರೆ ಹಿಂದೆ ಇನ್ನೊಂದು ಸೀಮೆಯಲ್ಲಿ ಹೀಗೇ ಒಬ್ಬರಿಗೆ ಬಿಟ್ಟುಕೊಟ್ಟು, ಅದನ್ನು ನೋಡಿ ಎಲ್ಲರೂ ಮರಿ ಕೊಡಲಾಗದೆಂದು ಕೈಯೆತ್ತಿ, ಮೇಕೆಗಳು ಮುಂದಕ್ಕೆ ದಾಟದೆ ನಿಂತುಹೋದದ್ದನ್ನು ಕಂಡಿದ್ದರು. "ಸಿಸ್ಟರ್, ಕಾಯ್ತಾ ಕೂತೋರೂ ಬಡವ್ರೇ ತಾನೆ?" ಎಂದರು. "ಇವತ್ತು ನೀವು ಕನಿಕರ ತೋರ್ಸಿ, ನಾಳೆಯಿಂದ ಈ ಸೀಮೆ ಮೇಕೆಗಳೆಲ್ಲ ಬರೀ ಗಂಡೇ ಹಾಕೋಕೆ ಶುರುಮಾಡ್ತವೆ," ಎಂದು ತಮ್ಮ ತಮಾಷೆಗೆ ತಾವೇ ನಕ್ಕರು.

ಪಾಪ, ತಮಾಷೆಗೆ ಹೇಳಿದ್ದು. ಆದರೆ ಸಿಸ್ಟರ್‌ಗೆ ದಾರಿ ತೋರಿಸಿದವರು ಅವರೇ. ಬಂಡೆಯಿಂದ ಇಳಿದು ಬರುವಷ್ಟರಲ್ಲಿ ಅವರ ತೀರ್ಮಾನ ಆಗಿಹೋಗಿತ್ತು.

"ಅಕ್ಕಾ, ಇದು ಗಂಡುಮರಿ," ಎಂದರು.

ಚಾಪೆಯವಳಿಗೆ ಅರ್ಥವಾಗಲಿಲ್ಲ. ಮತ್ತೆ ಬಾಲ ಎತ್ತಹೋದಳು. ಸಿಸ್ಟರ್ ಅವಳ ಕೈ ಹಿಡಿದುಕೊಂಡರು. "ಯಾರು ಕೇಳಿದ್ರೂ ಗಂಡು. ನಾನು ನೋಡಿದೀನಿ. ಗಂಡು ಆದ್ರೆ ಮನೆಯವರಿಗೇ ಅಲ್ವಾ?" ಆಗ ಆ ಹೆಂಗಸು ಅಳುವುದಕ್ಕೆ ಶುರುಮಾಡಿದಳು. ಒಳಗಿನಿಂದ ಗಂಡ ಏನಾಯಿತು ಏನಾಯಿತು ಎಂದು ಕೂಗುತ್ತಲೇ ಇದ್ದ.

ಗುಡ್ಡ ಇಳಿಯುವಾಗ ಸಿಸ್ಟರ್‌ಗೆ ಹಗುರವೆನಿಸಿತು. ಸುಳ್ಳು ಹೇಳಿದ್ದಕ್ಕೆ ಒಂದಿಷ್ಟು ಅಳುಕಿತ್ತು, ಆದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ನಿಯಮವನ್ನಲ್ಲ, ಮನುಷ್ಯರನ್ನು ನೋಡಿದೆ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಕೆಳಗಿನೂರಿನ ನೆನಪು ಬಾರದೆ ಇರಲಿಲ್ಲ. ಅವರಿಗೆ ಮುಂದಿನ ಸಲ ಬರುವ ಮೇಕೆಗಳಲ್ಲಿ ಹೇಗಾದರೂ ಮಾಡಿ ಒಂದನ್ನು ಕೊಡಿಸಿದರಾಯಿತು ಎಂದುಕೊಂಡರು. ಕನಿಕರಪಡುವವರಿಗೆ ಮುಂದಿನ ಸಲ ಎಂಬುದು ಯಾವಾಗಲೂ ಕೈಗೆಟುಕುವಷ್ಟು ಹತ್ತಿರ ಇರುತ್ತದೆ.

ಕೆಳಗಿನೂರಿನಲ್ಲಿ ಹುಡುಗಿ ಎಂದಿನಂತೆ ಓಡಿಬಂದಳು. ಸಿಸ್ಟರ್ ಮುಖ ನೋಡಿ ಅರ್ಧ ದಾರಿಯಲ್ಲೇ ನಿಂತಳು.

"ಮರಿ ಹಾಕ್ತು, ಮಗಳೇ. ಗಂಡು. ಮೇಕೆ ಉಳೀಲಿಲ್ಲ."

"ಗಂಡಾ?" ಎಂದಳು ಹುಡುಗಿ. ಅವಳು ಅಷ್ಟು ಚಿಕ್ಕ ಪ್ರಶ್ನೆ ಕೇಳಿದ್ದನ್ನು ಸಿಸ್ಟರ್ ಅದುವರೆಗೆ ಕಂಡಿರಲಿಲ್ಲ.

ತಾಯಿ ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಹೋಗ್ಲಿ ಬಿಡಿ, ನೀವೇನ್ ಮಾಡ್ತೀರಿ," ಎಂದಳು. ಕೂರಲು ಮಣೆ ಕೊಟ್ಟಳು, ನೀರು ಕೊಟ್ಟಳು. ಚಾಪೆಯವಳಿಗಾಗಿ ಮರುಗಿದಳು ಕೂಡ, "ಪಾಪ, ಅವಳಿಗೆ ಹಾಲೂ ಹೋಯ್ತು, ಮೇಕೆನೂ ಹೋಯ್ತು." ಸಿಸ್ಟರ್ ಮುಂದಿನ ಸಲದ ಮಾತನ್ನು ಹೇಗೋ ಎತ್ತಿದರು. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ವಾರ ಶಾಲೆಯಲ್ಲಿ ಹುಡುಗಿ ಕಾಣಲಿಲ್ಲ. ಸಿಸ್ಟರ್ ಮನೆಗೆ ಹೋಗಿ ನೋಡಿದರೆ ಕೂಸು ಪಕ್ಕದ ಮನೆ ಅಜ್ಜಿಯ ಮಡಿಲಲ್ಲಿತ್ತು, ಕೊಟ್ಟಿಗೆಯಲ್ಲಿ ಸೌದೆ ಪೇರಿಸಿತ್ತು. "ಅಮ್ಮ ಮಗಳು ಇಬ್ರೂ ಭಟ್ಟಿಗೆ," ಎಂದಳು ಅಜ್ಜಿ.

ಭಟ್ಟಿಯಲ್ಲಿ ದೂಳು, ಹೊಗೆ, ಬಿಸಿ. ಸುಟ್ಟ ಇಟ್ಟಿಗೆಯನ್ನು ಒಳಗಿನಿಂದ ಲಾರಿ ನಿಲ್ಲುವ ಜಾಗಕ್ಕೆ ಹೊರಬೇಕು. ಹೆಂಗಸರ ಸಾಲಿನಲ್ಲಿ ಕೊನೆಗೆ ಆ ಹುಡುಗಿ ಬರುತ್ತಿದ್ದಳು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆ. ಕತ್ತು ನೆಟ್ಟಗೆ ಹಿಡಿದು ಕಣ್ಣನ್ನಷ್ಟೇ ಹೊರಳಿಸಿ ಸಿಸ್ಟರನ್ನು ನೋಡಿದಳು, ಮುಂದೆ ಹೋದಳು. ಕಾಲು ಬರಿಗಾಲು. ನೆಲ ಕಾದಿದ್ದರಿಂದ ಹೆಜ್ಜೆಯನ್ನು ಕಿತ್ತು ಕಿತ್ತು ಇಡುತ್ತಿದ್ದಳು.

ಸಿಸ್ಟರ್ ಆ ಮಧ್ಯಾಹ್ನವೇ ಪೇಟೆಗೆ ಹೋಗಿ ಒಂದು ಜೊತೆ ರಬ್ಬರ್ ಚಪ್ಪಲಿ ತಂದರು. ಮರುದಿನ ಊಟದ ಹೊತ್ತಿಗೆ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೊಟ್ಟರೆ ಅವಳು ಹಾವು ಕಂಡವಳಂತೆ ಹಿಂದೆ ಸರಿದಳು.

"ಬೇಡ ಸಿಸ್ಟರ್. ಬೇಡ, ಬೇಡ!"

"ಯಾಕೆ ಮಗಳೇ? ಕಾಲು ಸುಡಲ್ವಾ?"

ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕಡೆಗೆ ಅವಳ ಅಮ್ಮ ಹೇಳಿದಳು, ಸುಸ್ತಾದ ದನಿಯಲ್ಲಿ. "ಒಂದಿನ ಪ್ರಾರ್ಥನೇಲಿ ಮೇಕೆ ವಿಷಯ ಬಿಟ್ಟು ಚಪ್ಪಲಿ ಕೇಳಿದ್ಳಂತೆ. ಅದಕ್ಕೇ ದೇವರಿಗೆ ಸಿಟ್ಟು ಬಂದು ಗಂಡು ಕೊಟ್ಟ, ಮೇಕೇನೂ ಸಾಯ್ಸಿದ ಅಂತಾಳೆ. ನಾನೂ ಆವತ್ತು ಹೊಟ್ಟೆ ಉರಿಗೆ, ಹೂಂ, ನಿನ್ನಿಂದ್ಲೇ ಆಗಿದ್ದು ಅಂತ ಅಂದ್ಬಿಟ್ಟೆ. ಏನ್ಮಾಡ್ಲಿ, ಸಿಸ್ಟರ್, ಬಾಯಿಗೆ ಬಂತು, ಅಂದೆ."

ದೇವರು ಅಂಥವನಲ್ಲ, ಚಪ್ಪಲಿ ಕೇಳಿದ್ದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದು ಸಿಸ್ಟರ್ ಹುಡುಗಿಯನ್ನು ಕೂರಿಸಿಕೊಂಡು ತಿಳಿಯಹೇಳಿದರು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ಯಾಕೆ ಗಂಡು ಕೊಟ್ಟ?" ಎಂದಳು. ಸಿಸ್ಟರ್ ಬಳಿ ಉತ್ತರ ಇತ್ತು. ಆ ಒಂದು ಉತ್ತರ ಬಿಟ್ಟು ಬೇರೆ ಏನೇನೋ ಹೇಳಿ ಎದ್ದುಬಂದರು. ಚಪ್ಪಲಿ ಅಲ್ಲೇ ಬಿದ್ದಿತ್ತು.

ಮರುದಿನ ಅವರು ಮೇಲಿನೂರಿಗೆ ಹೋದರು. ಕೆಳಗಿನೂರಿನಲ್ಲಿ ಆದದ್ದನ್ನು ಹೇಳಿಬಿಡುವುದು, ಮರಿಯನ್ನು ಕೇಳಿ ತರುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದರು. ಅಲ್ಲಿ ಚಾಪೆಯವಳ ಗಂಡ ಗೋಡೆಗೆ ಒರಗಿ ಕೂತಿದ್ದ. ವರ್ಷದಿಂದ ಮಲಗಿದ್ದವನು ಕೂತಿದ್ದ! ಮರಿ ಅವನ ಸತ್ತ ಕಾಲುಗಳ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಮಾಡುತ್ತಿತ್ತು. ಅವನು ಬಾಟಲಿಗೆ ಬಟ್ಟೆ ಕಟ್ಟಿ ಅದಕ್ಕೆ ನೆರೆಮನೆಯಿಂದ ತಂದ ಹಾಲು ಕುಡಿಸುತ್ತಾ, "ನೋಡಿ ಸಿಸ್ಟರ್, ನಿಮ್ಮ ಗಂಡುಮರಿ ಎಷ್ಟು ಜೋರು!" ಎಂದು ಕಣ್ಣು ಮಿಟುಕಿಸಿದ. ಚಾಪೆಯವಳು ಅರ್ಧ ಹೆಣೆದ ಚಾಪೆಯಿಂದ ಎದ್ದು ಬಂದು ಸಿಸ್ಟರ್ ಕೈಯನ್ನು ಕಣ್ಣಿಗೊತ್ತಿಕೊಂಡಳು. ಸಿಸ್ಟರ್ ಮರಿಗೆ ಜಂತಿನ ಔಷಧಿ ಕೊಡುವುದು ಯಾವಾಗ ಎಂದಷ್ಟೇ ಹೇಳಿ ವಾಪಸು ಬಂದರು.

ಆ ವಾರದ ಕೊನೆಗೆ ಅವರು ಪಟ್ಟಣಕ್ಕೆ ಹೋದರು. ಫಾದರ್ ಮುಂದೆ ಪಾಪನಿವೇದನೆಗೆ ಮಂಡಿಯೂರಿದಾಗ ಎಂದಿನ ಚಿಲ್ಲರೆ ಪಾಪಗಳನ್ನೇ ಹೇಳಿ ಎದ್ದುಬಂದರು. ಆ ಸುಳ್ಳನ್ನು ಹೇಳಿದ ಮೇಲೆ ಫಾದರ್ ಸುಮ್ಮನಿದ್ದರೂ ತಮಗೆ ಸುಮ್ಮನಿರಲು ಆಗುವುದಿಲ್ಲ, ಮರಿಯನ್ನು ಕಿತ್ತು ತರಲೇಬೇಕಾಗುತ್ತದೆ ಎಂಬ ಭಯ. ಒಂದು ಮನೆಯ ಕಣ್ಣೀರು ಒರೆಸಲು ಹೋಗಿ ಅದೇ ಬಟ್ಟೆಯಿಂದ ಇನ್ನೊಂದು ಮನೆಯ ಬಾಯಿ ಕಟ್ಟಿದ್ದೇನೆ ಎಂದು ಅವರಿಗೆ ಅನಿಸಿತು. ಹಾಗನಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹುಡುಗಿ ಇಟ್ಟಿಗೆ ಹೊರುತ್ತಲೇ ಇದ್ದಳು.

ಅಷ್ಟರಲ್ಲಿ ಕೂಸಿಗೆ ಜ್ವರ ಹಿಡಿಯಿತು. ಸಿಸ್ಟರ್ ಔಷಧಿ ಕೊಟ್ಟರು, ಪಟ್ಟಣದ ಆಸ್ಪತ್ರೆಗೆ ಸಂಸ್ಥೆಯ ಜೀಪಿನಲ್ಲಿ ಅಮ್ಮನನ್ನೂ ಕೂಸನ್ನೂ ಕಳಿಸಿದರು. ಹುಡುಗಿಗೆ ಹೇಳಲು ಭಟ್ಟಿಗೆ ಹೋದರು. ಅವಳು ಇಟ್ಟಿಗೆ ರಾಶಿಯ ಪಕ್ಕದಲ್ಲಿ ಹಲಗೆಯ ಮೇಲೆ ಇಟ್ಟಿಗೆ ಜೋಡಿಸುತ್ತಿದ್ದಳು. ಕೈಗೆ ಹರಕು ಬಟ್ಟೆ ಸುತ್ತಿತ್ತು.

"ತಮ್ಮನಿಗೆ ಏನೂ ಆಗಲ್ಲ, ಮಗಳೇ. ಡಾಕ್ಟರ್ ನೋಡ್ತಾರೆ. ಬಾ, ಇಬ್ರೂ ಸೇರಿ ಒಂದು ಪ್ರಾರ್ಥನೆ ಮಾಡೋಣ."

ಹುಡುಗಿ ಕೆಲಸ ನಿಲ್ಲಿಸಿ ತಲೆಯಾಡಿಸಿದಳು. "ನೀವು ಮಾಡಿ. ನಾನು ಮಾಡಲ್ಲ."

"ಯಾಕೆ?"

"ನಾನ್ ಕೇಳಿದ್ರೆ ಉಲ್ಟಾ ಆಗುತ್ತೆ. ಪಾಪುಗೆ ಏನಾದ್ರೂ ಆಗ್ಬಿಟ್ರೆ?" ಎಂದಳು. ಹಟವಲ್ಲ, ಮುನಿಸಲ್ಲ. ಬೆಂಕಿ ಹಿಡಿದ ಕೈಯನ್ನು ಹುಲ್ಲಿನ ಬಣವೆಯಿಂದ ದೂರ ಇಟ್ಟುಕೊಳ್ಳುವವಳ ಹಾಗೆ, ತಮ್ಮನಿಂದ ತನ್ನನ್ನು ದೂರ ಇಟ್ಟುಕೊಳ್ಳುತ್ತಿದ್ದಳು.

ಸಿಸ್ಟರ್ ಅಲ್ಲೇ ಕಾದ ನೆಲದ ಮೇಲೆ ಕುಕ್ಕರಿಸಿದರು. ಬಿಳಿಯ ಉಡುಪಿಗೆ ಕೆಂಪು ದೂಳು ಮೆತ್ತಿತು. ಇನ್ನು ತಡೆಯಲಾಗಲಿಲ್ಲ.

"ಮಗಳೇ, ಚಾಪೆ ಅತ್ತೆ ಮೇಕೆ ಹಾಕಿದ್ದು ಹೆಣ್ಣುಮರಿ."

ಹುಡುಗಿ ನೋಡಿದಳು.

"ಹೆಣ್ಣೇ ಹುಟ್ಟಿದ್ದು. ಈಗ್ಲೂ ಅಲ್ಲೇ ಇದೆ, ಚೆನ್ನಾಗಿದೆ. ಅವರ ಮೇಕೆ ಸತ್ತುಹೋಯ್ತಲ್ಲ, ಅವರಿಗೆ ಬೇರೆ ಏನೂ ಇರ್ಲಿಲ್ಲ. ಅದಕ್ಕೇ ಗಂಡು ಅಂತ ಸುಳ್ಳು ಹೇಳಿದೆ. ನಿನ್ನ ಪ್ರಾರ್ಥನೇಲಿ ಏನೂ ತಪ್ಪಿರ್ಲಿಲ್ಲ. ಚಪ್ಪಲಿ ಕೇಳಿದ್ದೂ ತಪ್ಪಲ್ಲ."

ಅವಳ ಮುಖದಲ್ಲಿ ಏನೋ ಸಡಿಲಗೊಂಡಿತು, ಅಳುತ್ತಾಳೇನೋ ಎಂದು ಸಿಸ್ಟರ್ ಕೈ ಚಾಚಿದರು. ಅಳಲಿಲ್ಲ.

"ದೇವರು ನಾನ್ ಹೇಳಿದ್ದು ಕೇಳಿಸ್ಕೊಂಡಿದ್ನಾ?"

"ಕೇಳಿಸ್ಕೊಂಡಿದ್ದ."

"ಹೆಣ್ಣೇ ಕೊಟ್ಟಿದ್ನಾ?"

"ಕೊಟ್ಟಿದ್ದ, ಮಗಳೇ."

"ಹಾಗಾದ್ರೆ ನಮ್ಗೆ ಕೊಡ್ದೇ ಇದ್ದೋರು ಯಾರು?"

ಸಿಸ್ಟರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನಾನು," ಎಂದರು.

ಆ ಕಡೆಯಿಂದ ಮೇಸ್ತ್ರಿ ಲಾರಿ ಕಾಯುತ್ತಿದೆ ಎಂದು ಕೂಗಿದ. ಹುಡುಗಿ ಸಿಂಬೆಯನ್ನು ತಲೆಯ ಮೇಲೆ ಇಟ್ಟುಕೊಂಡು ಸರಿಮಾಡಿಕೊಂಡಳು. ಅಷ್ಟು ಭಾರವನ್ನು ಒಬ್ಬರೇ ಎತ್ತಿ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ದಿನಾ ಅವಳ ಅಮ್ಮ ಹೊರಿಸುತ್ತಿದ್ದಳು, ಇವತ್ತು ಅಮ್ಮ ಇರಲಿಲ್ಲ.

"ಎತ್ತಿಕೊಡಿ ಸಿಸ್ಟರ್," ಎಂದಳು. "ಹೊತ್ತಾಯ್ತು."

ಸಿಸ್ಟರ್ ಎದ್ದರು. ಬಗ್ಗಿ ಹಲಗೆಯ ಎರಡು ತುದಿ ಹಿಡಿದು, ಇಟ್ಟಿಗೆಗಳನ್ನು ಎತ್ತಿ ಅವಳ ತಲೆಯ ಮೇಲಿಟ್ಟರು.